ಹೊಸ ವ್ಯವಸ್ಥೆ, ಹಳೆಯ ಕಡತ

ಹೊಸದೆಲ್ಲವೂ ಹಿತವೆಂದು ನಂಬುವವರು ಒಮ್ಮೆಯಾದರೂ ತಮ್ಮ ಮನೆಯ ಗಣಕಯಂತ್ರಕ್ಕೆ ಹೊಸ ಕಾರ್ಯಾಚರಣ ವ್ಯವಸ್ಥೆಯನ್ನು ಹಾಕಿಸಿ ನೋಡಬೇಕು. ಯಂತ್ರ ಅದೇ, ಮೇಜು ಅದೇ, ಮುಂದೆ ಕೂರುವವನೂ ಅವನೇ. ಆದರೆ ಬೆಳಗಾಗುವುದರೊಳಗೆ ಯಾರೋ ಅಡಿಗೆಮನೆಯ ಡಬ್ಬಿಗಳನ್ನೆಲ್ಲ ಅದಲುಬದಲು ಮಾಡಿಟ್ಟಂತಾಗಿರುತ್ತದೆ. ಉಪ್ಪಿಗೆಂದು ಕೈಯಿಟ್ಟರೆ ಸಕ್ಕರೆ ಸಿಗುತ್ತದೆ.

ದೌಲತಾಬಾದಿನಲ್ಲಿ ಕನ್ನಡ ಪಾಠ ಹೇಳುವ ನನ್ನಂಥವನಿಗೆ ಗಣಕದಿಂದ ಆಗಬೇಕಾದ ಕೆಲಸ ಬಹಳವಿಲ್ಲ. ಪ್ರಶ್ನಪತ್ರಿಕೆ ಸಿದ್ಧಪಡಿಸುವುದು, ಮಕ್ಕಳ ಪ್ರಬಂಧಗಳನ್ನು ಅಚ್ಚುಮಾಡಿಕೊಡುವುದು, ಬಿಡುವಿದ್ದಾಗ ಸುತ್ತಲ ಹಳ್ಳಿಗಳ ಮುದುಕಿಯರು ಹೇಳಿದ ಬೀಸುವ ಪದಗಳನ್ನು ಬರೆದಿಡುವುದು, ಇಷ್ಟೆ. ಹಳೆಯ ವ್ಯವಸ್ಥೆಗೆ ಇನ್ನು ರಕ್ಷಣೆ ದೊರೆಯದೆಂಬ ಎಚ್ಚರಿಕೆ ಪರದೆಯ ಮೇಲೆ ಮತ್ತೆ ಮತ್ತೆ ಬರತೊಡಗಿದಾಗ ಯಂತ್ರವನ್ನು ಪಟ್ಟಣದ ಅಂಗಡಿಗೆ ಒಯ್ದೆ. ಅಲ್ಲಿಯ ಹುಡುಗ ಕಡತಗಳನ್ನು ಜೋಪಾನವಾಗಿ ತೆಗೆದಿರಿಸಿ, ಹೊಸ ವ್ಯವಸ್ಥೆಯನ್ನು ಹಾಕಿ, ಅವನ್ನೆಲ್ಲ ಹಿಂದಿರುಗಿಸಿ, "ಒಂದೂ ಹೋಗಿಲ್ಲ ಸಾರ್" ಎಂದು ತೆಲುಗಿನಲ್ಲಿ ಭರವಸೆಯಿತ್ತ. ಅವನು ಹೇಳಿದ್ದು ನಿಜವೇ ಆಗಿತ್ತು.

ಮನೆಗೆ ಬಂದು ಹಾಡಿನ ಕಡತವನ್ನು ತೆರೆದರೆ ಅದರಲ್ಲಿ ಕನ್ನಡದ ಒಂದಕ್ಷರವೂ ಇರಲಿಲ್ಲ. 'ಕನ್ನಡ' ಎಂದು ಬರೆದಿದ್ದ ಜಾಗದಲ್ಲಿ ಇಂಗ್ಲಿಷಿನ ಪಿ, ಅದರ ಪಕ್ಕದಲ್ಲಿ ನೆತ್ತಿಯ ಮೇಲೆ ಗೀಟು ಹೊತ್ತ ಎ, ಬಳಿಕ ಇಂಗ್ಲೆಂಡಿನ ಪೌಂಡು ನಾಣ್ಯದ ಗುರುತು, ಮತ್ತೆ ಅದೇ ಎ, ಆಮೇಲೆ ಜರ್ಮನರ ಒಂದು ಅಕ್ಷರ! ಹಾಡು ಹೇಳಿದ ಮುದುಕಿಯರಲ್ಲಿ ಅನೇಕರು ಈಗ ಬದುಕಿಲ್ಲ. ಮತ್ತೊಮ್ಮೆ ಕೇಳಿ ಬರೆದುಕೊಳ್ಳೋಣವೆಂದರೆ ಯಾರನ್ನು ಕೇಳುವುದು?

ಹೊಸದಾಗಿ ಏನಾದರೂ ಬರೆಯೋಣವೆಂದರೆ ಕೀಲಿಮಣೆಯೂ ಮುನಿದಿತ್ತು. ಕೆ. ಪಿ. ರಾವ್ ಅವರು ರೂಪಿಸಿದ ವಿನ್ಯಾಸದಲ್ಲಿ ಎನ್ ಒತ್ತಿದರೆ 'ನ', ಎಂ ಒತ್ತಿದರೆ 'ಮ'. ನನ್ನ ಬೆರಳುಗಳಿಗೆ ಅದೇ ರೂಢಿ. ಈಗ ಮೊದಲಿಗೆ ಸಿಕ್ಕಿದ್ದು ಇನ್‌ಸ್ಕ್ರಿಪ್ಟ್ ವಿನ್ಯಾಸ. ಅದರಲ್ಲಿ ಎನ್ ಕೀಲಿಗೆ 'ಲ', ಎಂ ಕೀಲಿಗೆ 'ಸ'. 'ನಮನ' ಎಂದು ಒತ್ತಿದರೆ 'ಲಸಲ' ಎಂದು ಮೂಡಿತು. ಪಕ್ಕದಲ್ಲಿ ನಿಂತಿದ್ದ ವಿದ್ಯಾರ್ಥಿಯೊಬ್ಬ, "ಸರ್, ಇದು ತತ್ಸಮವೋ ತದ್ಭವವೋ?" ಎಂದು ನಕ್ಕ.

ಕೋಪ ಇಳಿದ ಮೇಲೆ ಕಾರಣ ತಿಳಿಯಿತು. ಹಿಂದಿನ ಕನ್ನಡ ತಂತ್ರಾಂಶಗಳು ಅಕ್ಷರಗಳನ್ನಲ್ಲ, ಅವುಗಳ ಆಕಾರದ ತುಣುಕುಗಳನ್ನು, ಎಂದರೆ ತಲೆಕಟ್ಟು, ಕೊಂಬು, ಒತ್ತುಗಳನ್ನು, ಯುರೋಪಿನ ಅಕ್ಷರಗಳ ಮನೆಯಲ್ಲಿ ಬಾಡಿಗೆಗೆ ಇರಿಸಿದ್ದವು. ಆ ಫಾಂಟು ಯಂತ್ರದಲ್ಲಿದ್ದರೆ ಕನ್ನಡ ಕಾಣುವುದು. ಇಲ್ಲವಾದರೆ ಮನೆಯ ಒಡೆಯನ ಮುಖವೇ ಕಾಣುವುದು. 1991ರಲ್ಲಿ ಪ್ರಕಟವಾದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳ ಸ್ವಂತ ನಿವೇಶನ ದೊರೆತಿತ್ತು. ಆದರೆ ಬಾಡಿಗೆಯ ಮನೆಯನ್ನು ಬಿಡಲು ನಮಗೆ ಬಹುಕಾಲ ಹಿಡಿಯಿತು.

ಹಳೆಯ ಬರಹವನ್ನು ಯೂನಿಕೋಡಿಗೆ ತರುವ ಪರಿವರ್ತಕಗಳಿವೆ. ಅವುಗಳ ಕೆಲಸ ಸುಲಭದ್ದಲ್ಲ. 'ಸೂರ್ಯ' ಎಂಬಲ್ಲಿ ಅರ್ಕಾವೊತ್ತು ಕಣ್ಣಿಗೆ ಕಾಣುವುದು ಯಕಾರದ ಬಳಿಕ. ಹಳೆಯ ಕಡತ ಅದೇ ಕ್ರಮದಲ್ಲಿ ಇಟ್ಟಿರುತ್ತದೆ. ಯೂನಿಕೋಡು ಉಚ್ಚಾರಣೆಯನ್ನು ಅನುಸರಿಸಿ ರಕಾರವನ್ನು ಮುಂದಿಡುತ್ತದೆ. ಯಂತ್ರಕ್ಕೂ ವ್ಯಾಕರಣ ಬೇಕೆಂಬುದು ನನಗೆ ಸಮಾಧಾನ ತಂದಿತು. ಎರಡು ವಾರಗಳ ಸಂಜೆ ಹಾಡುಗಳನ್ನು ಪರಿವರ್ತಿಸಿ, ಮಕ್ಕಳಿಂದ ಗಟ್ಟಿಯಾಗಿ ಓದಿಸಿ, ತಪ್ಪಿದ ಒತ್ತುಗಳನ್ನು ತಿದ್ದಿದೆವು. ಮುದುಕಿಯರು ಮತ್ತೆ ಮಾತಾಡಿದರು.

ಗಡಿನಾಡಿನ ನಮಗೆ ಈ ಅನುಭವ ತೀರ ಹೊಸದೇನಲ್ಲ. 1956ರ ನವೆಂಬರ್ 1ರಂದು ಗುಲಬರ್ಗಾ ಜಿಲ್ಲೆಯ ತಾಂಡೂರು, ಕೊಡಂಗಲ್ ತಾಲೂಕುಗಳೂ ಬೀದರ ಜಿಲ್ಲೆಯ ನಾರಾಯಣಖೇಡ ತಾಲೂಕು ಹಾಗೂ ಜಹೀರಾಬಾದ್ ತಾಲೂಕಿನ ಬಹುಭಾಗವೂ ಆಂಧ್ರಪ್ರದೇಶಕ್ಕೆ ಸೇರಿದವು. 2014ರ ಜೂನ್ 2ರಿಂದ ತೆಲಂಗಾಣ. ಜನ ಮನೆ ಬಿಡಲಿಲ್ಲ, ಮನೆಮಾತನ್ನೂ ಬಿಡಲಿಲ್ಲ; ಅವರ ಅರ್ಜಿಯನ್ನು ಓದುವ ಕಚೇರಿ ಬದಲಾಯಿತು. ನನ್ನ ಕಡತದ ಕಥೆಯೂ ಅದೇ. ಬರೆದದ್ದೇನೂ ಅಳಿದಿರಲಿಲ್ಲ, ಓದಬಲ್ಲವನು ಇರಲಿಲ್ಲ.

ಆದುದರಿಂದ ಸಹೋದ್ಯೋಗಿಗಳಲ್ಲಿಯೂ ವಿದ್ಯಾರ್ಥಿಮಿತ್ರರಲ್ಲಿಯೂ ನನ್ನದೊಂದು ವಿನಂತಿ. ನಿಮ್ಮ ಹಳೆಯ ಕಡತಗಳನ್ನು ಈಗಲೇ ಯೂನಿಕೋಡಿಗೆ ತನ್ನಿ. ಮೂಲ ಬರಹವನ್ನು ಬಲ್ಲವರು ಇರುವಾಗಲೇ ಅವರ ಮುಂದೆ ಓದಿ ತಿದ್ದಿಕೊಳ್ಳಿ. ಜೊತೆಗೆ ಕಾಗದದ ಮೇಲೊಂದು ಪ್ರತಿಯನ್ನೂ ತೆಗೆದಿಡಿ. ಅದನ್ನು ತೆರೆಯಲು ಯಾವ ಹೊಸ ವ್ಯವಸ್ಥೆಯೂ ಬೇಡ. ಕನ್ನಡ ಕಲಿತ ಒಂದು ಮಗು ಸಾಕು.