ಹಿತ್ತಲ ಪಾಠ

ಟೊಮ್ಯಾಟೊ ಇಲ್ಲದ ಅಡುಗೆಮನೆಯನ್ನು ಇಂದು ಊಹಿಸುವುದೂ ಕಷ್ಟ. ಸಾರಿಗೆ, ಗೊಜ್ಜಿಗೆ, ಪಲ್ಯಕ್ಕೆ ಎಲ್ಲಕ್ಕೂ ಅದು ಬೇಕು. ಆದರೆ ಈ ಹಣ್ಣು ನಮ್ಮ ನೆಲದ್ದಲ್ಲ. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳ ಸೀಮೆ ಅದರ ತವರು. ಮೆಕ್ಸಿಕೊದ ಮೂಲನಿವಾಸಿಗಳು ಅದನ್ನು ಬೆಳೆಸಿ ಬಳಕೆಗೆ ತಂದರು. ಅವರ ನುಡಿಯ ‘ತೊಮಾತ್ಲ್’ ಎಂಬ ಮಾತೇ ಇಂದಿನ ಹೆಸರಿಗೆ ಮೂಲ. ಹದಿನಾರನೆಯ ಶತಮಾನದಲ್ಲಿ ಸ್ಪೇನಿನವರು ಅದನ್ನು ಯೂರೋಪಿಗೆ ಒಯ್ದರು. ಅಲ್ಲಿಯ ಜನ ವಿಷವೆಂದು ಹೆದರಿ, ಬಹುಕಾಲ ಅದನ್ನು ನೋಟದ ಅಂದಕ್ಕಾಗಿ ಮಾತ್ರ ಬೆಳೆದರು. ನಮ್ಮ ದೇಶಕ್ಕೆ ಪೋರ್ಚುಗೀಸರ ಮೂಲಕ ಬಂದ ಈ ಹಣ್ಣನ್ನು ಕನ್ನಡ ನಾಡಿನ ಕೆಲವೆಡೆ ‘ಗೂದೆಹಣ್ಣು’ ಎಂದೂ ಕೆಲವೆಡೆ ‘ಚಪ್ಪರಬದನೆ’ ಎಂದೂ ಕರೆದರು. ಬದನೆಯ ಹೆಸರು ಅದಕ್ಕೆ ಅಂಟಿಕೊಂಡುದು ಸರಿಯಾಗಿಯೇ ಇದೆ. ಬದನೆ, ಮೆಣಸಿನಕಾಯಿ, ಆಲೂಗೆಡ್ಡೆ, ಟೊಮ್ಯಾಟೊ ಇವೆಲ್ಲ ಒಂದೇ ಕುಟುಂಬಕ್ಕೆ ಸೇರಿದವು.

ಪೇಟೆಯಲ್ಲಿ ದುಡ್ಡು ಕೊಟ್ಟರೆ ಸಿಗುವ ಈ ಹಣ್ಣನ್ನು ಹಿತ್ತಲಿನಲ್ಲಿ ಬೆಳೆಯುವುದು ಏನು ಮಹಾ ಕೆಲಸ ಎಂದು ಯಾರಿಗಾದರೂ ಅನ್ನಿಸಬಹುದು. ಹುಲ್ಲಹಳ್ಳಿಯ ಒಬ್ಬ ಯಜಮಾನರಿಗೂ ಹಾಗೆಯೇ ಅನ್ನಿಸಿತ್ತು.

ಹುಲ್ಲಹಳ್ಳಿ ಮೈಸೂರು ಜಿಲ್ಲೆಯ ನಂಜನಗೂಡು ತಾಲ್ಲೂಕಿಗೆ ಸೇರಿದ ಊರು, ಹೋಬಳಿಯ ಕೇಂದ್ರ. ಕಪಿಲಾ ನದಿಗೆ ಇಲ್ಲಿ ಹಳೆಯ ಅಣೆಕಟ್ಟೆಯುಂಟು. ಹುಲ್ಲಹಳ್ಳಿ ನಾಲೆ, ರಾಂಪುರ ನಾಲೆಗಳು ಆ ನೀರನ್ನು ಗದ್ದೆಗಳಿಗೆ ಒಯ್ಯುತ್ತವೆ. ಇಲ್ಲಿಯ ರೈತರಿಗೆ ಬೇಸಾಯವೆಂದರೆ ಬತ್ತ, ಬತ್ತವೆಂದರೆ ನೀರು. ನಾಟಿಯ ಕಾಲದಲ್ಲಿ ಗದ್ದೆಯ ಬದುವಿನ ಮೇಲೆ ನಿಂತರೆ ನೆಲವೆಲ್ಲ ಕನ್ನಡಿಯಂತೆ ಆಕಾಶವನ್ನು ತೋರಿಸುತ್ತದೆ. ಯಜಮಾನರು ನಲವತ್ತು ವರ್ಷ ಆ ಕೆಸರಿನಲ್ಲಿ ಕಾಲೂರಿ ಬತ್ತ ಬೆಳೆದವರು. ಮಡಿಗೆ ನೀರು ಯಾವಾಗ ಕಟ್ಟಬೇಕು, ಯಾವಾಗ ಬಿಡಬೇಕು ಎಂದು ಅಕ್ಕಪಕ್ಕದವರು ಅವರನ್ನು ಕೇಳಿ ತಿಳಿಯುತ್ತಿದ್ದರು.

ಗದ್ದೆ ಅವರದಾದರೆ ಹಿತ್ತಲು ಅವರ ಹೆಂಡತಿಯದು. ಬಟ್ಟೆ ಒಗೆಯುವ ಕಲ್ಲಿನ ಆಚೆ, ನುಗ್ಗೆಯ ಮರದ ಈಚೆ ಆಕೆ ಪ್ರತಿವರ್ಷವೂ ಹತ್ತಿಪ್ಪತ್ತು ಟೊಮ್ಯಾಟೊ ಗಿಡ ಬೆಳೆಯುತ್ತಿದ್ದರು. ಅದು ನಾಟಿ ತಳಿ. ಹಣ್ಣು ಚಿಕ್ಕದು, ಸಿಪ್ಪೆ ತೆಳು, ಹುಳಿ ಹೆಚ್ಚು. ಆ ಹಣ್ಣಿನ ಸಾರನ್ನು ಯಜಮಾನರು ಎರಡೆರಡು ಬಾರಿ ಬಡಿಸಿಕೊಂಡು ಉಣ್ಣುತ್ತಿದ್ದರು. ಆದರೆ ಗಿಡವನ್ನು ಹೇಗೆ ಬೆಳೆಸಿದೆ ಎಂದು ಒಂದು ದಿನವೂ ಆಕೆಯನ್ನು ಕೇಳಿದವರಲ್ಲ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಸುಮ್ಮನೆ ಹುಟ್ಟಿತೆ?

ಆಕೆ ತೀರಿಕೊಂಡ ವರ್ಷ ಹಿತ್ತಲು ಬೀಳುಬಿದ್ದಿತು. ಮುಂಗಾರಿನ ಮೊದಲಲ್ಲಿ ಅಟ್ಟದ ತೊಲೆಗೆ ಕಟ್ಟಿದ್ದ ಒಂದು ಬಟ್ಟೆಯ ಗಂಟು ಯಜಮಾನರ ಕಣ್ಣಿಗೆ ಬಿತ್ತು. ಬಿಚ್ಚಿ ನೋಡಿದರೆ ಬೂದಿಯಲ್ಲಿ ಕಲಸಿಟ್ಟ ಟೊಮ್ಯಾಟೊ ಬೀಜ. ಒಂದು ಹಿಡಿಯಷ್ಟೂ ಇರಲಿಲ್ಲ. ಅವರು ಬಹಳ ಹೊತ್ತು ಅದನ್ನು ಅಂಗೈಯಲ್ಲಿಟ್ಟುಕೊಂಡು ಕುಳಿತಿದ್ದರು. ಮರುದಿನವೇ ಗುದ್ದಲಿ ಹಿಡಿದರು.

ಬಲ್ಲವರ ಕೈ ಧಾರಾಳವಾಗಿಯೇ ಇದ್ದಿತು. ಅರ್ಧ ಬೀಜ ಚೆಲ್ಲಿದರು. ಬುಟ್ಟಿಗಟ್ಟಲೆ ಕೊಟ್ಟಿಗೆಗೊಬ್ಬರ ಸುರಿದು, ಮೇಲೆ ಯೂರಿಯವನ್ನೂ ಹಾಕಿದರು. ಪಾತಿಯ ತುಂಬ ಬೆಳಿಗ್ಗೆ ಸಂಜೆ ನೀರು ನಿಲ್ಲಿಸಿದರು. ಗಿಡಗಳು ಸೊಂಪಾಗಿ ಎದ್ದು ಎಲೆಯಿಂದ ಎಲೆಗೆ ಕಪ್ಪು ಹಸುರಾದವು. ಹೂವು ಮಾತ್ರ ಬೆರಳೆಣಿಕೆಯಷ್ಟು. ಬಳಿಕ ಕೆಳಗಿನ ಎಲೆಗಳು ಹಳದಿಗಟ್ಟಿದವು, ಬುಡ ಕೊಳೆಯಿತು. ಹಬ್ಬದ ಸಾರಿಗೆ ಪೇಟೆಯಿಂದಲೇ ಹಣ್ಣು ತರಬೇಕಾಯಿತು.

ಮುಂದಿನ ವರ್ಷ ಅವರು ಎಚ್ಚರಗೊಂಡರು. ಗೊಬ್ಬರ ಕಡಮೆ ಮಾಡಿದರು, ನೀರೂ ಕಡಮೆ. ಹಿಂದೆ ಬದನೆ ಬೆಳೆದಿದ್ದ ಜಾಗ ಹದವಾಗಿದೆಯೆಂದು ಅಲ್ಲಿ ಸಸಿ ನೆಟ್ಟರು. ಗಿಡಗಳು ಚೆನ್ನಾಗಿ ಬಂದು ಕಾಯಿ ಕಚ್ಚಿದವು. ಆಗ ಒಂದು ಬೆಳಿಗ್ಗೆ ನೋಡಿದರೆ ಒಂದು ಗಿಡ ಹಸುರಾಗಿರುವಾಗಲೇ ತಲೆ ಬಾಗಿಸಿ ನಿಂತಿತ್ತು. ವಾರದೊಳಗೆ ಎಲ್ಲವೂ ಹಾಗೆಯೇ ಆದವು. ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದ ಮೊಮ್ಮಗಳು ಶಾಲೆಯ ವಿಜ್ಞಾನದ ಅಧ್ಯಾಪಕರನ್ನು ಕೇಳಿಕೊಂಡು ಬಂದು, ಬಾಡಿದ ಗಿಡದ ಕಾಂಡವನ್ನು ಕತ್ತರಿಸಿ ಗಾಜಿನ ಲೋಟದ ನೀರಿನಲ್ಲಿ ಇಳಿಬಿಟ್ಟಳು. ಸ್ವಲ್ಪ ಹೊತ್ತಿನಲ್ಲಿ ಕತ್ತರಿಸಿದ ತುದಿಯಿಂದ ಹಾಲಿನಂತಹ ಬಿಳಿಯ ಎಳೆ ಇಳಿಯತೊಡಗಿತು. “ತಾತ, ಇದು ಮಣ್ಣಿನಲ್ಲಿರುವ ದುಂಡಾಣುವಿನ ಸೊರಗು ರೋಗವಂತೆ. ಬದನೆಗೂ ಬರುತ್ತದಂತೆ” ಎಂದಳು. ನಂಜನಗೂಡಿನ ಹೆಸರುವಾಸಿ ರಸಬಾಳೆಯ ತೋಟಗಳನ್ನು ಮಣ್ಣಿನಿಂದಲೇ ಬಂದ ಬೇರೊಂದು ಸೊರಗು ರೋಗ ಹಾಳುಮಾಡಿದುದನ್ನು ಯಜಮಾನರು ಕಣ್ಣಾರೆ ಕಂಡಿದ್ದರು. ಬದನೆಯ ರೋಗ ಅದರ ನೆಂಟನಾದ ಟೊಮ್ಯಾಟೊವಿಗೂ ತಗಲುವುದೆಂದು ಮಾತ್ರ ಅವರಿಗೆ ಹೊಳೆದಿರಲಿಲ್ಲ.

ಗಂಟಿನಲ್ಲಿ ಉಳಿದ ಬೀಜವನ್ನು ಮೊಮ್ಮಗಳು ಎಣಿಸಿದಳು. ಇಪ್ಪತ್ತಮೂರು. ಇವೂ ಹೋದರೆ ಆಕೆಯ ತಳಿ ಮನೆಯಲ್ಲಿ ಇಲ್ಲವಾಗುತ್ತದೆ.

ಆ ವರ್ಷ ಸುತ್ತೂರಿನ ಜಾತ್ರೆಗೆ ಯಜಮಾನರು ಮೊಮ್ಮಗಳೊಡನೆ ಹೋದರು. ಜಾತ್ರೆಯೊಡನೆ ಅಲ್ಲಿ ಕೃಷಿಮೇಳವೂ ನಡೆಯುವುದುಂಟು. ಕೋಲಿನ ಆಸರೆಗೆ ಕಟ್ಟಿದ ಟೊಮ್ಯಾಟೊ ಗಿಡಗಳ ಮುಂದೆ ಅವರು ಸುಮ್ಮನೆ ನಿಂತರು. ಬಳಿಕ, ಮೊಮ್ಮಗನ ವಯಸ್ಸಿನ ಒಬ್ಬ ತರುಣನ ಬಳಿಗೆ ಹೋಗಿ, “ನಾನು ನಲವತ್ತು ವರ್ಷ ಬತ್ತ ಬೆಳೆದವನಪ್ಪ. ಟೊಮ್ಯಾಟೊ ಬೆಳೆಯುವುದು ನನಗೆ ಗೊತ್ತಿಲ್ಲ. ಹೇಳಿಕೊಡು” ಎಂದರು. ಈ ಮಾತು ಅವರ ಬಾಯಿಂದ ಬಂದುದನ್ನು ಕೇಳಿ ಮೊಮ್ಮಗಳು ಬೆರಗಾದಳು.

ತರುಣ ತಾಳ್ಮೆಯಿಂದ ತಿಳಿಸಿದ. ಬತ್ತದ ದಂಟಿನೊಳಗೆ ಗಾಳಿ ಇಳಿಯಲು ಪೊಳ್ಳು ದಾರಿಗಳಿವೆ; ಆದುದರಿಂದ ನಿಂತ ನೀರಿನಲ್ಲೂ ಅದರ ಬೇರು ಉಸಿರಾಡುತ್ತದೆ. ಟೊಮ್ಯಾಟೊವಿಗೆ ಆ ಅನುಕೂಲವಿಲ್ಲ. ಮಣ್ಣಿನ ಸಂದುಗಳಲ್ಲಿ ನೀರೇ ತುಂಬಿದರೆ ಬೇರು ಉಸಿರುಗಟ್ಟುತ್ತದೆ. ಸಾರಜನಕ ಹೆಚ್ಚಾದರೆ ಗಿಡ ಎಲೆಯನ್ನೇ ಬೆಳೆಸುತ್ತದೆ, ಹೂವನ್ನು ಮರೆಯುತ್ತದೆ. 1967 ರಲ್ಲಿ ಸ್ಥಾಪನೆಯಾದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬೆಂಗಳೂರಿನ ಬಳಿ ಹೆಸರಘಟ್ಟದಲ್ಲಿದೆ. ಅಲ್ಲಿಯವರು ಸೊರಗು ರೋಗವನ್ನೂ, ಎಲೆ ಮುಟುರು ರೋಗವನ್ನೂ, ಅಂಗಮಾರಿಯನ್ನೂ ತಡೆಯಬಲ್ಲ ‘ಅರ್ಕ ರಕ್ಷಕ್’ ಎಂಬ ತಳಿಯನ್ನು ರೂಪಿಸಿದ್ದಾರೆ. ಆದರೆ ಅದು ಸಂಕರ ತಳಿ. ಅದರ ಹಣ್ಣಿನಿಂದ ತೆಗೆದ ಬೀಜದಲ್ಲಿ ತಾಯಿಯ ಗುಣವೆಲ್ಲ ಉಳಿಯುವುದಿಲ್ಲ; ವರ್ಷ ವರ್ಷವೂ ಹೊಸ ಬೀಜ ಕೊಳ್ಳಬೇಕು. “ನಿಮ್ಮ ನಾಟಿ ಬೀಜವನ್ನೇ ಉಳಿಸಬೇಕಾದರೆ ಜಾಗ ಬದಲಿಸಿ, ಏರುಮಡಿ ಮಾಡಿ” ಎಂದ.

ದಾರಿಯಲ್ಲಿ ಮೊಮ್ಮಗಳು ಹೇಳಿದಳು: “ತಾತ, ಅಜ್ಜಿ ಕೊಡದಿಂದ ನೀರು ಸುರಿಯುತ್ತಿರಲಿಲ್ಲ. ಮಣ್ಣಿಗೆ ಬೆರಳು ಚುಚ್ಚಿ ನೋಡಿ, ಒಣಗಿದ್ದರೆ ಮಾತ್ರ ಬುಡಕ್ಕೆ ಒಂದು ಚೊಂಬು ಹಾಕುತ್ತಿದ್ದರು. ಬೆಳಿಗ್ಗೆ ಹೂವಿನ ಗೊಂಚಲನ್ನು ಬೆರಳಿನಿಂದ ತಟ್ಟುತ್ತಿದ್ದರು. ನಾನು ಆಟವೆಂದುಕೊಂಡಿದ್ದೆ.” ಟೊಮ್ಯಾಟೊ ಹೂವಿನಲ್ಲಿ ಪರಾಗ ಒಂದು ಕೊಳವೆಯೊಳಗೆ ಅಡಗಿರುತ್ತದೆ, ಗಾಳಿಯೋ ಗುಂಯ್‌ಗುಡುವ ದುಂಬಿಯೋ ಅಲುಗಿಸಿದರೆ ಉದುರುತ್ತದೆ. ಶಾಲೆಯ ಮೆಟ್ಟಿಲು ಹತ್ತದ ಆಕೆ ಇದನ್ನು ನೋಡಿ ನೋಡಿಯೇ ಅರಿತಿದ್ದರು.

ಯಜಮಾನರು ಹಿತ್ತಲಿನ ಇನ್ನೊಂದು ಮೂಲೆಯಲ್ಲಿ, ಬದನೆಯಾಗಲಿ ಮೆಣಸಿನ ಗಿಡವಾಗಲಿ ಎಂದೂ ಇರದ ಜಾಗದಲ್ಲಿ, ಮೊಣಕಾಲೆತ್ತರ ಮಡಿ ಕಟ್ಟಿದರು. ಇಪ್ಪತ್ತಮೂರು ಬೀಜಗಳಲ್ಲಿ ಒಂಬತ್ತು ಮೊಳೆತವು. ನಾಲ್ಕೈದು ಎಲೆ ಬಂದ ಮೇಲೆ, ಸುಮಾರು ಎರಡು ಅಡಿ ಅಂತರದಲ್ಲಿ, ಕಾಂಡದ ಕೆಳಭಾಗವೂ ಮಣ್ಣಿನಲ್ಲಿ ಹುದುಗುವಂತೆ ಸಸಿಗಳನ್ನು ನೆಟ್ಟರು. ಹೂತ ಕಾಂಡದಿಂದಲೂ ಬೇರೊಡೆಯುತ್ತದೆ. ಬುಡಕ್ಕೆ ಬತ್ತದ ಹುಲ್ಲು ಹೊದಿಸಿದರು. ಬಿದಿರಿನ ಕೋಲು ನೆಟ್ಟು, ಕಾಂಡಕ್ಕೆ ಬಿಗಿಯಾಗದಂತೆ ಬಾಳೆಯ ನಾರಿನಿಂದ ಕಟ್ಟಿದರು. ಎರಡು ಗಿಡಗಳ ಎಲೆ ಮುದುಡಿತು. ಬಿಳಿನೊಣ ಆ ರೋಗವನ್ನು ಹರಡುತ್ತದೆಂದು ತಿಳಿದುದರಿಂದ ಮನಸ್ಸು ಗಟ್ಟಿ ಮಾಡಿ ಅವನ್ನು ಕಿತ್ತು ಸುಟ್ಟರು. ಏಳು ಉಳಿದವು.

ಅಷ್ಟಾದರೂ ಪಾಠ ಮುಗಿದಿರಲಿಲ್ಲ. ಒಂದು ಮದುವೆಗೆಂದು ನಾಲ್ಕು ದಿನ ಊರು ಬಿಟ್ಟವರು, ಬಂದೊಡನೆ ಕನಿಕರದಿಂದ ಕೊಡಗಟ್ಟಲೆ ನೀರು ಸುರಿದರು. ಮೊದಲ ಕಾಯಿಗಳ ತಳ ಕಪ್ಪಗಾಗಿ ಕೊಳೆಯಿತು. ಒಮ್ಮೆ ಬರಗಾಲ, ಒಮ್ಮೆ ಪ್ರವಾಹ ಆದರೆ ಕಾಯಿಗೆ ಸುಣ್ಣದ ಅಂಶ ಸರಿಯಾಗಿ ತಲಪುವುದಿಲ್ಲ. ಆ ದಿನದಿಂದ ಯಜಮಾನರು ಕೊಡವನ್ನು ಒಳಗಿಟ್ಟು ಚೊಂಬನ್ನು ಕೈಗೆತ್ತಿಕೊಂಡರು. ಪ್ರತಿ ಬೆಳಿಗ್ಗೆ ಮಣ್ಣಿಗೆ ಬೆರಳು ಚುಚ್ಚಿ ನೋಡಿದರು. ಕೆಲವು ದಿನ ನೀರು ಹಾಕದೆ ಸುಮ್ಮನೆ ಹಿಂದಿರುಗಿದರು. ನೀರು ಹಾಕುವುದಕ್ಕಿಂತ ಹಾಕದಿರುವುದೇ ಅವರಿಗೆ ಕಷ್ಟವಾಗಿತ್ತು.

ಕಾಯಿಗಳು ಬಣ್ಣಗೂಡಿದವು. ಮೊದಲ ಬೋಗುಣಿ ಹಣ್ಣು, ಆಕೆ ಕೊಡುತ್ತಿದ್ದಂತೆಯೇ, ಪಕ್ಕದ ಮನೆಗೆ ಹೋಯಿತು. ಎರಡನೆಯದು ಸಾರಾಯಿತು. ಎಲ್ಲಕ್ಕಿಂತ ಚೆನ್ನಾಗಿದ್ದ ನಾಲ್ಕು ಹಣ್ಣುಗಳನ್ನು ಮಾತ್ರ ಯಜಮಾನರು ಯಾರಿಗೂ ಕೊಡಲಿಲ್ಲ. ಗಿಡದಲ್ಲೇ ಚೆನ್ನಾಗಿ ಮಾಗಲು ಬಿಟ್ಟು, ಹಿಂಡಿ, ತಿರುಳನ್ನು ಎರಡು ದಿನ ಹುಳಿಯಿಟ್ಟರು. ಬೀಜದ ಮೇಲಿನ ಲೋಳೆ ಕಳಚಿದ ಮೇಲೆ ತೊಳೆದು ನೆರಳಿನಲ್ಲಿ ಒಣಗಿಸಿ, ಬೂದಿಯಲ್ಲಿ ಕಲಸಿದರು.

ಮೊಮ್ಮಗಳು ಅದೇ ಹಳೆಯ ಬಟ್ಟೆಯನ್ನು ತಂದಳು. ಗಂಟು ಕಟ್ಟಿ ತೊಲೆಗೆ ತೂಗುಬಿಡುವಾಗ ಯಜಮಾನರು, “ನಿಮ್ಮಜ್ಜಿಯನ್ನು ಒಂದು ಮಾತು ಕೇಳಿದ್ದರೆ ಎರಡು ವರ್ಷ ಉಳಿಯುತ್ತಿತ್ತು” ಎಂದರು. ಮೊಮ್ಮಗಳು ಏನೂ ಹೇಳದೆ ಒಳಗೆ ಹೋಗಿ, ತನ್ನ ಪುಸ್ತಕದಲ್ಲಿ ಬೀಜ ಕಟ್ಟಿಟ್ಟ ದಿನವನ್ನು ಬರೆದಿಟ್ಟಳು.