3413ಕ್ಕೆ ಎಷ್ಟು ಕೊಡುತ್ತೀರಿ?

ಬಾನೆಟ್ ತೆರೆದಿದೆ. ನೀವು ಸೊಂಟ ಬಗ್ಗಿಸಿ ಒಳಗೆ ತಲೆ ಹಾಕಿದ್ದೀರಿ. ಬಲಗೈಯಲ್ಲಿ ಟಾರ್ಚು, ಎಡಗೈ ಬೆನ್ನ ಹಿಂದೆ. ಎಲ್ಲೂ ಗೀರು ಬೀಳಬಾರದೆಂದು ವಾಚು, ಬೆಲ್ಟು, ಉಂಗುರ ಎಲ್ಲ ಬಿಚ್ಚಿಟ್ಟು ಬಂದಿದ್ದೀರಿ. ಕಾದು ಕಾದು ಹಳತಾದ ಎಣ್ಣೆಯ ವಾಸನೆ ಮೂಗಿಗೆ ಅಡರುತ್ತದೆ, ಅದರ ಬೆನ್ನಿಗೇ ಪೆಟ್ರೋಲಿನ ಘಾಟು. ಆರು ವೆಬರ್ ಕಾರ್ಬುರೇಟರ್‌ಗಳು ಸಾಲಾಗಿ ಕೂತಿವೆ. ಅವುಗಳ ಎರಡೂ ಪಕ್ಕಕ್ಕೆ ಆರಾರು ಸಿಲಿಂಡರ್. ಸದ್ಯಕ್ಕೆ ನಿಮಗೆ ಅದ್ಯಾವುದೂ ಬೇಡ. ಟಾರ್ಚಿನ ಬೆಳಕು ಕೊಳವೆಗಳ ಸಂದಿಯಲ್ಲಿ ತೂರಿ ಹೋಗಿ, ಚಾಸಿಯ ಮೇಲೆ ಗುದ್ದಿ ಮೂಡಿಸಿದ ನಾಲ್ಕು ಅಂಕಿಗಳ ಮೇಲೆ ನಿಲ್ಲುತ್ತದೆ. 3413.

ಉಸಿರು ಬಿಡಿ. ಕೆಲಸ ಈಗಷ್ಟೇ ಶುರುವಾಗಿದೆ.

ಇದು 2018ರ ಆಗಸ್ಟ್, ಕ್ಯಾಲಿಫೋರ್ನಿಯಾದ ಮಾಂಟೆರೆ. ನಿಮ್ಮ ಮುಂದಿರುವುದು 1962ರ ಫೆರಾರಿ 250 ಜಿಟಿಒ. ಆರ್‌ಎಂ ಸೋದಬೀಸ್ ಸಂಸ್ಥೆ ಇದನ್ನು ಶನಿವಾರ ರಾತ್ರಿ ಹರಾಜಿಗೆ ಇಡಲಿದೆ. ಅವರ ಅಂದಾಜು 4.5 ಕೋಟಿಯಿಂದ 6 ಕೋಟಿ ಡಾಲರ್. ನಿಮ್ಮ ಮಾತಿನ ಮೇಲೆ ಭರವಸೆ ಇಟ್ಟ ಸಂಗ್ರಾಹಕರೊಬ್ಬರು ದೂರದ ಊರಿನಲ್ಲಿ ಕೂತು ಫೋನಿನಲ್ಲೇ ಸವಾಲು ಕೂಗಲಿದ್ದಾರೆ. ಎಲ್ಲಿಯವರೆಗೆ ಹೋಗಬಹುದು ಎಂದು ಹೇಳಬೇಕಾದವರು ನೀವು. ನಾಲಿಗೆ ಒಣಗಿದೆ.

ಎಂಜಿನ್ನಿನ ಮೇಲಿನ ನಂಬರು ಹುಡುಕುತ್ತೀರಿ. ಕತ್ತು ತಿರುಚಿಕೊಂಡು, ಕಣ್ಣು ಕಿರಿದು ಮಾಡಿ ನೋಡುತ್ತೀರಿ. ಅಂಕಿಗಳ ಅಂಚು ಸವೆದಿರಬೇಕು, ಸುತ್ತಲಿನ ಲೋಹದಲ್ಲಿ ಉಜ್ಜಿದ ಗುರುತು ಇರಬಾರದು. ಉಜ್ಜಿದ್ದರೆ ಯಾರೋ ಹಳೆಯ ಗುರುತು ಅಳಿಸಿ ಹೊಸದು ಬರೆದಿದ್ದಾರೆ ಎಂದರ್ಥ. ಈ ಭಯ ಸುಮ್ಮನೆ ಹುಟ್ಟಿದ್ದಲ್ಲ. ಫೆರಾರಿಯ 250 ಜಿಟಿಇ ಎಂಬ ನಾಲ್ಕು ಸೀಟಿನ ಕಾರಿನಲ್ಲೂ ಇದೇ ವಂಶದ ಮೂರು ಲೀಟರ್ ಎಂಜಿನ್ ಇತ್ತು. ಅಂಥವು ಸುಮಾರು 950 ತಯಾರಾದವು. ಆಮೇಲಿನ ವರ್ಷಗಳಲ್ಲಿ ಅವುಗಳಲ್ಲಿ ಎಷ್ಟನ್ನೋ ಬಿಚ್ಚಿ, ಮೈ ಬದಲಿಸಿ, ಜಿಟಿಒದ ಪ್ರತಿಗಳನ್ನು ಮಾಡಿದರು. ಕಣ್ಣಿಗೆ ಅದೇ ಅಂದ, ಕಿವಿಗೆ ಅದೇ ಗರ್ಜನೆ. ಪೇಟೆಯಲ್ಲಿ ಮಾತ್ರ ಅದಕ್ಕೆ ಸಿಗುವುದು ಅಸಲಿಯ ಬೆಲೆಯ ಒಂದು ಚೂರು.

ಈ ಎಂಜಿನ್ ಇದರದ್ದೇ. ಗೇರ್‌ಬಾಕ್ಸೂ ಇದರದ್ದೇ. ಬೆನ್ನು ನೆಟ್ಟಗೆ ಮಾಡಿ, ಬೆವರು ಒರೆಸಿಕೊಳ್ಳಿ.

ಈಗ ಬಾಗಿಲು ತೆರೆದು ಕೂತು ನೋಡಿ. ನೀಲಿ ಬಟ್ಟೆಯ ಸೀಟು ಪಕ್ಕೆಯನ್ನು ಬಿಗಿಯಾಗಿ ಹಿಡಿಯುತ್ತದೆ. ನೆಲಕ್ಕೆ ಹಾಸಿಲ್ಲ, ಬಾಗಿಲಿಗೆ ಅಲಂಕಾರವಿಲ್ಲ. ಎಂಜಿನ್ ಎಷ್ಟು ಸುತ್ತು ತಿರುಗುತ್ತಿದೆ ಎಂದು ತೋರಿಸುವ ಮೀಟರ್ ಎದುರಿಗಿದೆ. ವೇಗ ತೋರಿಸುವ ಮೀಟರೇ ಇಲ್ಲ. ಓಟದಲ್ಲಿ ಅದನ್ನು ನೋಡಲು ಯಾರಿಗೆ ಪುರುಸೊತ್ತು? ಇದನ್ನು ಗೆಲ್ಲುವುದಕ್ಕೆಂದೇ ಮಾಡಿದ್ದು. ಇಂಥ ಕಾರು ಓಟಕ್ಕಿಳಿಯಬೇಕಾದರೆ ಕನಿಷ್ಠ ನೂರು ತಯಾರಾಗಿರಬೇಕು ಎಂಬ ನಿಯಮ ಆಗ ಇತ್ತು. ಇದು ಹೊಸ ಕಾರಲ್ಲ, ತನ್ನ ಹಳೆಯ 250 ಜಿಟಿಯದೇ ತಿದ್ದಿದ ರೂಪ ಎಂದು ವಾದಿಸಿ ಫೆರಾರಿ ಅನುಮತಿ ಪಡೆಯಿತು. ಹಾಗಾಗಿ 1962ರಿಂದ 1964ರವರೆಗೆ ಆದದ್ದು 36 ಮಾತ್ರ. ಆದರೆ ಬರೀ ಅಪರೂಪವಾದರೆ ಸಾಲದು. ಇದಕ್ಕಿಂತ ಕಡಿಮೆ ತಯಾರಾಗಿ, ಯಾರೂ ತಿರುಗಿ ನೋಡದೆ ತುಕ್ಕು ಹಿಡಿದ ಕಾರುಗಳಿಗೆ ಲೆಕ್ಕವಿಲ್ಲ.

ಇಳಿದು ಮೈಮೇಲೆ ಅಂಗೈ ಆಡಿಸಿ. ಅಲ್ಯೂಮಿನಿಯಂ ತಣ್ಣಗಿದೆ. ಮೊಡೆನಾದ ಸ್ಕಾಲಿಯೆಟ್ಟಿ ಕಾರ್ಖಾನೆಯ ಕೆಲಸಗಾರರು ಕೈಯಿಂದ ಬಡಿದು ಬಾಗಿಸಿದ ತಗಡು. ಮೆತ್ತಗೆ ಸರಿಯುವ ಬೆರಳು ಕಾರಿನ ಹಿಂಭಾಗಕ್ಕೆ ಬಂದು ನಿಲ್ಲುತ್ತದೆ. ಎದೆ ಧಸಕ್ಕೆನ್ನುವ ಜಾಗ ಇದು. ಈ ಮೈ ಕಾರು ಹುಟ್ಟಿದಾಗ ಇದ್ದದ್ದಲ್ಲ! 1964ರಲ್ಲಿ ಸ್ಕಾಲಿಯೆಟ್ಟಿಯಲ್ಲೇ ಹಳೆಯದನ್ನು ತೆಗೆದು, ಆ ವರ್ಷದ ಹೊಸ ಮಾದರಿಯ ಮೈ ಕೂರಿಸಿದ್ದಾರೆ. ಅಂಥ ಮೈ ಇರುವ ಜಿಟಿಒಗಳು ಒಟ್ಟು ಏಳು.

ಬೆಲೆಯಿಂದ ಕಳೆಯಬೇಕೋ, ಕೂಡಿಸಬೇಕೋ? 1962ರ ಸಪೂರ ರೂಪವೇ ಚೆಂದ ಎನ್ನುವವರು ಬಹಳ. ನೀವು ನಿಂತಲ್ಲೇ ತೂಗಿ ನೋಡುತ್ತೀರಿ. ಯಾರೋ ಶ್ರೀಮಂತ ಮೊನ್ನೆ ಮೊನ್ನೆ ಹುಚ್ಚಿಗೆ ಮಾಡಿಸಿದ ಬದಲಾವಣೆಯಾಗಿದ್ದರೆ ಕೋಟಿಗಳು ಕರಗುತ್ತಿದ್ದವು. ಇದು ಓಟದ ದಿನಗಳಲ್ಲೇ, ಓಟ ಗೆಲ್ಲಲೆಂದೇ, ಮಾಡಬೇಕಾದವರೇ ಮಾಡಿದ್ದು. ಗಾಯ ಯುದ್ಧದಲ್ಲಿ ಆದದ್ದು. ನೀವು ಕಳೆಯುವುದಿಲ್ಲ.

ಮುಂದಿನದು ಕಾಗದ. ಮೇಜಿನ ಮೇಲೆ ದಪ್ಪ ಕಡತ, ಹಳೆಯ ಕಾಗದದ ಮುಗ್ಗಲು ವಾಸನೆ. ಪುಟ ತಿರುಗಿಸುವಾಗ ಬೆರಳು ನಡುಗುತ್ತದೆ. ಹಿಂದಿನ ವರ್ಷವಷ್ಟೇ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್ ಆಗಿದ್ದ ಫಿಲ್ ಹಿಲ್ 1962ರ ಟಾರ್ಗಾ ಫ್ಲೋರಿಯೋ ಓಟದ ತಯಾರಿಯಲ್ಲಿ ಇದನ್ನು ಓಡಿಸಿದ್ದಾರೆ. ಎಡೋಆರ್ಡೋ ಲುಆಲ್ಡಿ ಗಬಾರ್ಡಿ ಇದೇ ಕಾರಿನಲ್ಲಿ ಆ ವರ್ಷದ ಇಟಲಿಯ ಜಿಟಿ ಚಾಂಪಿಯನ್ ಆದರು. ನಂತರ ಒಡವೆ ವ್ಯಾಪಾರದ ಮನೆತನದ ಜಾನಿ ಬುಲ್ಗಾರಿ. ಅವರಿಂದ ಕೊರಾಡೊ ಫೆರ್ಲಾಯಿನೊ. ಮುಂದೆ ನಾಪೊಲಿ ಫುಟ್‌ಬಾಲ್ ಕ್ಲಬ್ಬಿಗೆ ಮರಡೋನಾನನ್ನು ಕರೆತಂದರಲ್ಲ, ಅದೇ ಫೆರ್ಲಾಯಿನೊ. 1963 ಮತ್ತು 1964, ಎರಡು ವರ್ಷವೂ ಟಾರ್ಗಾ ಫ್ಲೋರಿಯೋದಲ್ಲಿ ತನ್ನ ವರ್ಗದ ಗೆಲುವು ಇದಕ್ಕೇ. ಸಿಸಿಲಿಯ ಬೆಟ್ಟದ ರಸ್ತೆ, ಒಂದು ಸುತ್ತಿಗೆ 72 ಕಿಲೋಮೀಟರ್, ಅಂಥ ಹತ್ತು ಸುತ್ತು. ಒಂದು ಬದಿಗೆ ಕಲ್ಲಿನ ಗೋಡೆ, ಇನ್ನೊಂದು ಬದಿಗೆ ಪ್ರಪಾತ. ಇಷ್ಟಾದರೂ ದೊಡ್ಡ ಅಪಘಾತದ ದಾಖಲೆ ಒಂದೂ ಇಲ್ಲ. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋದ ಸರಪಳಿಯಲ್ಲಿ ಒಂದು ಕೊಂಡಿಯೂ ಕಳಚಿಲ್ಲ. 2000ದಲ್ಲಿ ಕೊಂಡ ಗ್ರೆಗ್ ವಿಟನ್ ಈಗ ಮಾರುತ್ತಿದ್ದಾರೆ.

ಆ ರಾತ್ರಿ ನಿದ್ದೆ ಹತ್ತುವುದಿಲ್ಲ. ಕಾರು ಸರಿಯಿದೆ, ಕಾಗದ ಸರಿಯಿದೆ. ಪೇಟೆ? 1960ರ ದಶಕದ ಕೊನೆಗೆ ಇಂಥ ಕಾರು ಕೆಲವೇ ಸಾವಿರ ಡಾಲರಿಗೆ ಬಿಕರಿಯಾಗುತ್ತಿತ್ತು. ಹಳೆಯ ಓಟದ ಕಾರು ಯಾರಿಗೆ ಬೇಕು ಎಂಬ ಕಾಲ. 1989ರ ಹೊತ್ತಿಗೆ ಒಂದು ಕೋಟಿ ಡಾಲರ್ ದಾಟಿತು. ಕೆಲವೇ ವರ್ಷಗಳಲ್ಲಿ ಆ ಬೆಲೆಯ ಬಹುಪಾಲು ಆವಿಯಾಯಿತು. ಕಾರು ಬದಲಾಗಿರಲಿಲ್ಲ, ಕೊಳ್ಳುವವರ ಧೈರ್ಯ ಬದಲಾಗಿತ್ತು. 2014ರಲ್ಲಿ ಇನ್ನೊಂದು ಜಿಟಿಒ, 3851, ಹರಾಜಿನಲ್ಲಿ 3.81 ಕೋಟಿ ಡಾಲರಿಗೆ ಹೋಯಿತು. ಒಲಿಂಪಿಕ್ ಸ್ಕೀಯಿಂಗ್ ಚಾಂಪಿಯನ್ ಆಂರಿ ಒರೇಯೆ 1962ರಲ್ಲಿ ಪ್ರಾಣ ಬಿಟ್ಟದ್ದು ಅದೇ ಕಾರಿನಲ್ಲಿ. ಆ ಸಾವನ್ನೂ ಯಾರೂ ಮುಚ್ಚಿಡಲಿಲ್ಲ, ಬರೆದಿಟ್ಟರು. ಪೇಟೆ ಹೆದರುವುದು ದುರಂತಕ್ಕಲ್ಲ, ಮರೆಮಾಚಿದ್ದಕ್ಕೆ ಎಂಬುದು ಕತ್ತಲಲ್ಲಿ ಚಾವಣಿ ನೋಡುತ್ತ ಮಲಗಿದ ನಿಮಗೆ ಸ್ಪಷ್ಟವಾಗುತ್ತದೆ.

ಶನಿವಾರ, ಆಗಸ್ಟ್ 25. ಸಭಾಂಗಣ ಕಿಕ್ಕಿರಿದಿದೆ. ಸುಗಂಧ, ಬೆವರು, ಬಿಸಿ ದೀಪಗಳು. ಸವಾಲು 3.5 ಕೋಟಿಯಿಂದ ಶುರು. ನಿಮ್ಮ ಕಿವಿಗೆ ಒತ್ತಿದ ಫೋನಿನಲ್ಲಿ ನಿಮ್ಮವರ ಉಸಿರು ಕೇಳಿಸುತ್ತದೆ. ಫೋನಿನ ಮೇಜಿನ ಸಾಲಿನಿಂದ ಒಂದು ಕೈ. ಮತ್ತೊಂದು. ನಾಲ್ಕು ಕೋಟಿ. ಪ್ರತಿ ಹತ್ತು ಲಕ್ಷ ಡಾಲರ್ ಎಂದರೆ ಏಳು ಕೋಟಿ ರೂಪಾಯಿ. ಹೊಟ್ಟೆ ಹಿಂಡುತ್ತದೆ. ಈಗ ಏರಿಕೆ ನಿಧಾನವಾಗಿದೆ. ಹರಾಜು ಕೂಗುವವರು ಕಾಯುತ್ತಾರೆ, ಕೆಣಕುತ್ತಾರೆ, ಮತ್ತೆ ಕಾಯುತ್ತಾರೆ.

"ಇನ್ನೊಂದು ಹೋಗಲೇ?"

ನಿಮ್ಮ ಬಾಯಿ ತೆರೆಯುತ್ತದೆ. ಸುತ್ತಿಗೆ ಬಿದ್ದ ಬೆಲೆಯ ಮೇಲೆ ಸಂಸ್ಥೆಯ ಕಮಿಷನ್ ಬೇರೆ: ಮೊದಲ 2.5 ಲಕ್ಷಕ್ಕೆ ನೂರಕ್ಕೆ 12, ಉಳಿದದ್ದಕ್ಕೆ ನೂರಕ್ಕೆ 10. ಅದನ್ನೂ ಸೇರಿಸಿದರೆ ನೀವಿಬ್ಬರೂ ಬರೆದಿಟ್ಟ ಮಿತಿ ಇಲ್ಲಿಗೆ ಮುಗಿಯಿತು. ಕಾರು ಇನ್ನೂ ಹೆಚ್ಚಿನ ಬೆಲೆಗೆ ಯೋಗ್ಯ ಎಂದು ನಿಮಗೆ ಗೊತ್ತು. ಹಣ ಅವರದ್ದು ಎಂದೂ ಗೊತ್ತು.

"ಬೇಡ. ಇಲ್ಲಿಗೆ ನಿಲ್ಲಿಸಿ."

ಮತ್ತೊಂದು ಫೋನು. 4.4 ಕೋಟಿ. ಒಮ್ಮೆ. ಎರಡು ಸಲ. ಠಪ್!

ಕಮಿಷನ್ ಸೇರಿ 4,84,05,000 ಡಾಲರ್, ಅಂದಿನ ಲೆಕ್ಕಕ್ಕೆ ಸುಮಾರು 340 ಕೋಟಿ ರೂಪಾಯಿ. ಅಲ್ಲಿಯವರೆಗೆ ಹರಾಜಿನಲ್ಲಿ ಯಾವ ಕಾರಿಗೂ ಇಷ್ಟು ಬಂದಿರಲಿಲ್ಲ. ಆ ಬೆಲೆ ಅತಿಯಾಯಿತು ಎಂದು ನಿಮಗೆ ಅನಿಸುವುದಿಲ್ಲ, ನನಗೂ ಅನಿಸುವುದಿಲ್ಲ. ಕಬ್ಬಿಣ, ಅಲ್ಯೂಮಿನಿಯಂ ಇನ್ನೊಮ್ಮೆ ಬಡಿದು ಮಾಡಬಹುದು. ಆ ಕಡತವನ್ನು ಮಾಡಲಾಗುವುದಿಲ್ಲ.

ನಿಮ್ಮ ಮನೆಯ ಶೆಡ್ಡಿನಲ್ಲೂ ಅಜ್ಜನ ಕಾಲದ ಕಾರೊಂದು ನಿಂತಿದ್ದರೆ, ಹೊಸ ಬಣ್ಣ ಹೊಡೆಸುವ ಮೊದಲು ಅದರ ಆರ್‌ಸಿ ಪುಸ್ತಕ, ಗ್ಯಾರೇಜಿನ ಬಿಲ್ಲು, ಪಕ್ಕದಲ್ಲಿ ನಿಂತು ತೆಗೆಸಿಕೊಂಡ ಫೋಟೊ ಎಲ್ಲ ಹುಡುಕಿ ಒಂದು ಕಡೆ ಇಡಿ. ಎಂಜಿನ್ ಬದಲಿಸಲೇಬೇಕಾಗಿ ಬಂದರೆ, ಹಳೆಯದನ್ನು ದಯವಿಟ್ಟು ಗುಜರಿಗೆ ಹಾಕಬೇಡಿ.