ಹಾರನಹಳ್ಳಿಯಾಚೆ, ಹಾಡಿಯ ಅಂಗಳದಲ್ಲಿ

ಪಿರಿಯಾಪಟ್ಟಣದಿಂದ ಹಾರನಹಳ್ಳಿಯ ಬಸ್ಸು ಹತ್ತಿದಾಗ ಡಿಸೆಂಬರಿನ ಮಂಜು ಇನ್ನೂ ಕರಗಿರಲಿಲ್ಲ. ಎಲೆ ಮುರಿದು ಮುಗಿದ ಹೊಗೆಸೊಪ್ಪಿನ ಹೊಲಗಳು, ತಣ್ಣಗೆ ನಿಂತ ಬ್ಯಾರನ್‌ಗಳು, ರಾಗಿ ಮೆದೆಗಳು. ಹೋಬಳಿ ಊರಾದ ಹಾರನಹಳ್ಳಿಯಲ್ಲಿ ಇಳಿದು, ಟೀ ಕುಡಿದು, ಅಲ್ಲಿಂದ ಜೀಪಿನಲ್ಲಿ ಕಾಡಿನ ದಿಕ್ಕಿಗೆ ಹೊರಟೆವು. ಹೊಲಗಳು ಮುಗಿದು ಆನೆ ಕಂದಕ ಕಂಡ ಕಡೆ ಜೇನುಕುರುಬರ ಹಾಡಿ.

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯ ಕಾಡಂಚಿನಲ್ಲಿ ಇಂಥ ಹಾಡಿಗಳು ಅನೇಕ. ಜೇನುಕುರುಬರು, ಬೆಟ್ಟಕುರುಬರು, ಯರವರು ನಾಗರಹೊಳೆಯನ್ನು ‘ರಾಷ್ಟ್ರೀಯ ಉದ್ಯಾನ’ ಎಂದು ಯಾರೂ ಕರೆಯುವ ಮುನ್ನವೇ ಅಲ್ಲಿದ್ದವರು. ಕಾಡಿನಿಂದ ಹೊರಬಿದ್ದ ಕುಟುಂಬಗಳನ್ನು ಲೆಕ್ಕ ಹಾಕಲು ಹೈಕೋರ್ಟ್ ನೇಮಿಸಿದ ಪ್ರೊ. ಮುಜಾಫರ್ ಅಸ್ಸಾದಿ ಸಮಿತಿ 2014ರಲ್ಲಿ ಕೊಟ್ಟ ಸಂಖ್ಯೆ 3,418. ಹಾಗಾಗಿ ಹೊರಗಿನವರು ಪುಸ್ತಕ, ಪೆನ್ನು ಹಿಡಿದು ಬಂದರೆ ಹಾಡಿಯ ಹಿರಿಯರಿಗೆ ಮೊದಲು ನೆನಪಾಗುವುದು ಸೌಲಭ್ಯವಲ್ಲ, ಕಳೆದುಕೊಂಡ ಜಾಗ.

ನಾನು ಜೊತೆಯಾದದ್ದು ಐವರ ತಂಡಕ್ಕೆ. ಒಬ್ಬ ಮೇಷ್ಟರು, ಒಬ್ಬ ಆಶಾ ಕಾರ್ಯಕರ್ತೆ, ಹಾಡಿಯಲ್ಲೇ ಹುಟ್ಟಿ ಪಿಯುಸಿ ಓದಿದ ಒಬ್ಬ ಹುಡುಗ ಮತ್ತು ಒಬ್ಬ ಹುಡುಗಿ. ನಾಯಕಿ ನಡುವಯಸ್ಸಿನ ನರ್ಸ್, ಎಲ್ಲರಿಗೂ ‘ಅಕ್ಕ’. ಜೀಪನ್ನು ಹಾಡಿಯ ಹೊರಗೇ ನಿಲ್ಲಿಸಿದ ಅಕ್ಕ ನೇರ ಗುಡಿಸಲಿಗೆ ನುಗ್ಗಲಿಲ್ಲ. ಮೊದಲು ಯಜಮಾನರ ಅಂಗಳಕ್ಕೆ ಹೋಗಿ, “ಯಜಮಾನ್ರೇ, ಇವತ್ತು ಬರಬಹುದಾ?” ಎಂದು ಕೇಳಿದರು. ಅವರು ತಲೆಯಾಡಿಸಿದ ಮೇಲೆಯೇ ಮುಂದಿನ ಹೆಜ್ಜೆ.

ಅಂದಿನ ಕೆಲಸ ಒಂಬತ್ತು ವರ್ಷದ ಒಬ್ಬ ಬಾಲಕನದು. ವಸತಿ ಶಾಲೆಗೆ ಸೇರಿದವನು ಎರಡು ಸಲ ಓಡಿಬಂದಿದ್ದ. ಹಿಂದೊಮ್ಮೆ ಬಂದವರ್ಯಾರೋ ಕಾರಣದ ಅಂಕಣದಲ್ಲಿ ‘ಪೋಷಕರ ನಿರ್ಲಕ್ಷ್ಯ’ ಎಂದು ಬರೆದುಹೋಗಿದ್ದರು. ಅಕ್ಕ ನೆಲದ ಮೇಲೆ ಕೂತರು. ಮಾತನಾಡಿದ್ದು ಅವರಲ್ಲ, ಹಾಡಿಯ ಹುಡುಗಿ, ಅದೂ ಜೇನುಕುರುಬರ ನುಡಿಯಲ್ಲೇ. ಬಹಳ ಹೊತ್ತಿನ ಮೇಲೆ ತಾಯಿ ನಮ್ಮ ಕಡೆ ತಿರುಗಿ ಕನ್ನಡದಲ್ಲಿ ಹೇಳಿದಳು:

“ನಮ್ ಮಾತಾಡುದ್ರೆ ಎಲ್ಲ ನಗ್ತಾರಂತೆ ಕಣಕ್ಕ. ರಾತ್ರಿ ಒಬ್ನೇ ಮನಗಿ ಅಭ್ಯಾಸ ಇಲ್ಲ ಅವುನ್ಗೆ. ನಾವು ಕಾಪಿ ಕುಯ್ಯಾಕೆ ಕೊಡಗಿಗೆ ಹೋದ್ರೆ ಅಪ್ಪ ಅವ್ವ ಎಲ್ಲೋದ್ರೋ ಅಂತ ಹುಡ್ಕಂಡ್ ಬತ್ತಾನೆ.”

ನಿರ್ಲಕ್ಷ್ಯ ಎಲ್ಲಿಂದ ಬಂತು? ಹುಡುಗ ಓಡಿಬಂದದ್ದು ತಾಯಿಯ ಬಳಿಗೆ!

ಅಕ್ಕ ಉಪದೇಶ ಮಾಡಲಿಲ್ಲ. “ನಿಮಗೇನು ತೋರುತ್ತದವ್ವ?” ಎಂದಷ್ಟೇ ಕೇಳಿದರು. ದಾರಿ ಹೇಳಿದವಳು ಮೂಲೆಯಲ್ಲಿ ಕೂತಿದ್ದ ಅಜ್ಜಿ. ಈ ಸಲ ತಾನು ತೋಟಕ್ಕೆ ಹೋಗುವುದಿಲ್ಲ, ಮೊಮ್ಮಗ ತನ್ನ ಪಕ್ಕದಲ್ಲೇ ಮಲಗಿ ಹತ್ತಿರದ ಶಾಲೆಗೆ ಹೋಗಲಿ ಎಂದಳು. ಅಜ್ಜಿಯ ಕೂಲಿ ತಪ್ಪಿದರೆ ಮನೆಗೆ ನಷ್ಟ. ಅದನ್ನೂ ಅಕ್ಕ ಬರೆದುಕೊಂಡರು. ಶಾಲೆಯಲ್ಲಿ ಮಾತನಾಡುವ ಹೊಣೆ ಮೇಷ್ಟರದು, ದಿನಾ ಬೆಳಿಗ್ಗೆ ಕರೆದೊಯ್ಯುವ ಹೊಣೆ ಪಿಯುಸಿ ಹುಡುಗನದು. ಬರೆದದ್ದನ್ನು ತಾಯಿಗೆ ಓದಿ ಹೇಳಿ, ಒಪ್ಪಿಗೆ ಪಡೆದೇ ಪುಸ್ತಕ ಮುಚ್ಚಿದರು.

ಹಿಂದಿರುಗುವಾಗ ಅಕ್ಕ ದೂರದ ನ್ಯೂಜಿಲೆಂಡಿನ ಮಾತು ತೆಗೆದರು. ಮಾವೋರಿ ಜನಾಂಗದ ನರ್ಸ್ ಇರಿಹಪೇಟಿ ರಾಮ್ಸ್‌ಡೆನ್ 1980ರ ದಶಕದ ಕೊನೆಯಲ್ಲಿ ‘ಸಾಂಸ್ಕೃತಿಕ ಸುರಕ್ಷೆ’ ಎಂಬ ವಿಚಾರವನ್ನು ಬೆಳೆಸಿದವರು. 1992ರಲ್ಲಿ ಅದು ಅಲ್ಲಿನ ನರ್ಸಿಂಗ್ ಶಿಕ್ಷಣದ ಭಾಗವಾಯಿತು. ಅದರ ತಿರುಳು ಸರಳ: ಸೇವೆ ಸುರಕ್ಷಿತವಾಗಿತ್ತೇ ಎಂದು ಹೇಳಬೇಕಾದವರು ಕೊಟ್ಟವರಲ್ಲ, ಪಡೆದವರು.

ನಮ್ಮಲ್ಲೂ ಇದರ ಪಾಠಗಳಿವೆ. ಡಾ. ಆರ್. ಬಾಲಸುಬ್ರಹ್ಮಣ್ಯಂ ಮತ್ತು ಗೆಳೆಯರು 1984ರಲ್ಲಿ ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಎಚ್.ಡಿ. ಕೋಟೆಯ ಹಾಡಿಗಳಲ್ಲಿ ಚಿಕಿತ್ಸೆಯಿಂದ ಶುರುಮಾಡಿ ಶಾಲೆಯವರೆಗೆ ಬಂತು. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ ಸೋಲಿಗರ ನಡುವೆಯೇ ನೆಲೆಸಿ ಕೆಲಸ ಮಾಡಿದರು. ಹಾಡಿ, ಪೋಡುಗಳ ಮಕ್ಕಳೇ ಮುಂದೆ ಆರೋಗ್ಯ ಕಾರ್ಯಕರ್ತರೂ ಶಿಕ್ಷಕರೂ ಆದಾಗ ಇಂಥ ಕೆಲಸಕ್ಕೆ ಬೇರು ಇಳಿಯುತ್ತದೆ.

ಓದುವ ಮಕ್ಕಳೇ, ನಿಮ್ಮ ತರಗತಿಯಲ್ಲಿ ಬೇರೆ ನುಡಿಯ ಗೆಳೆಯನೊಬ್ಬ ಇದ್ದರೆ, ಅವನ ಮಾತಿಗೆ ನಕ್ಕ ಒಂದು ನಗು ಅವನನ್ನು ಎಷ್ಟು ದೂರ ಓಡಿಸಬಲ್ಲದು ಎಂಬುದನ್ನು ನೆನೆಯಿರಿ. ತಂದೆತಾಯಂದಿರೇ, ಅದನ್ನು ತಿದ್ದುವುದು ಮನೆಯಿಂದಲೇ ಆರಂಭವಾಗಬೇಕು.

ಆ ಹುಡುಗ ಶಾಲೆಯಲ್ಲಿ ನಿಲ್ಲುವನೋ ಇಲ್ಲವೋ, ಈಗಲೇ ಹೇಳಲಾಗದು. ಹೊರಡುವಾಗ ಅವನು ಕಂದಕದವರೆಗೂ ನಮ್ಮ ಜೊತೆ ಬಂದ. ಮರವೊಂದರ ತುದಿಯ ಹೆಜ್ಜೇನು ತೋರಿಸಿ ತನ್ನ ನುಡಿಯಲ್ಲಿ ಅದರ ಹೆಸರು ಹೇಳಿಕೊಟ್ಟ. ಮೇಷ್ಟರು ತಪ್ಪಾಗಿ ಉಚ್ಚರಿಸಿದರು. ಈ ಸಲ ನಕ್ಕವನು ಅವನು.